ನಮಗೆ ಉಪಶಮನ, ಬೆಕ್ಕಿಗೆ ಪ್ರಾಣಸಂಕಟ

ಮುಂಬಯಿಯಲ್ಲಿ ನಮ್ಮವರ ಹೋಟೆಲುಗಳ ಪೈಕಿ ಬೆಕ್ಕಿಲ್ಲದ ಹೋಟೆಲನ್ನು ನಾವು ಕಂಡದ್ದು ವಿರಳ. ಬೆಕ್ಕು ಸಾಕುವುದೆಂದರೆ ಇಲ್ಲಿ ಹಣ ಕೊಟ್ಟು ತಂದು ಕೊರಳಿಗೆ ಪಟ್ಟಿ ಕಟ್ಟಿ ಸಾಕುವುದಲ್ಲ. ಮಳೆಗಾಲದ ಒಂದು ರಾತ್ರಿ ಎಲ್ಲಿಂದಲೋ ಬಂದು ಅಕ್ಕಿಮೂಟೆಗಳ ಹಿಂದೆ ಸೇರಿಕೊಂಡ ಮರಿ, ಇಲಿ ಹಿಡಿಯುವ ಗುಣದಿಂದ ಯಜಮಾನರ ಮನ್ನಣೆಯನ್ನೂ ಕಾಲಿಗೆ ಮೈ ಉಜ್ಜುವ ಗುಣದಿಂದ ನೌಕರರ ಮಮತೆಯನ್ನೂ ಸಂಪಾದಿಸಿಕೊಂಡು, ಕ್ರಮೇಣ ಅಲ್ಲಿಯ ಕಾಯಂ ನೌಕರನೇ ಆಗಿಬಿಡುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲವೆಂಬುದೊಂದೇ ವ್ಯತ್ಯಾಸ. (ಆರೋಗ್ಯ ಇಲಾಖೆಯವರು ಇದನ್ನೋದಿ ಹುಬ್ಬು ಗಂಟಿಕ್ಕದಿರಲಿ, ನಾವು ಹೇಳುತ್ತಿರುವುದು ಅಡುಗೆಮನೆಯ ಮಾತನ್ನಲ್ಲ, ಹಿಂಬದಿಯ ಉಗ್ರಾಣದ ಮಾತನ್ನು.) ಕಚೇರಿಗಳಲ್ಲಿ ಗುಮಾಸ್ತೆಯ ಕೆಲಸ ಮಾಡುವ ನಮ್ಮ ಬಂಧುಗಳ ಚಾಳುಗಳಲ್ಲಿಯೂ ಸಂಗತಿ ಹೆಚ್ಚು ಕಡಿಮೆ ಇದೇ.

ಊರಿನಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟುಬಂದು, ಹತ್ತು ಮಂದಿಯೊಡನೆ ಒಂದೇ ಖೋಲಿಯಲ್ಲಿ ಚಾಪೆ ಹಾಸುವವನಿಗೆ, ರಾತ್ರಿ ಕಾಲ ಬಳಿ ಸುರುಳಿ ಸುತ್ತಿಕೊಂಡು ಮಲಗುವ ಒಂದು ಜೀವದ ಬೆಲೆ ಎಷ್ಟೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂತಹ ಜೀವಕ್ಕೆ ನೋವಾದಾಗ ಮನುಷ್ಯನ ಕೈ ತಾನಾಗಿಯೇ ತನ್ನ ಗುಳಿಗೆಯ ಕಡೆಗೆ ಹೋಗುತ್ತದೆ. ಆ ಕೈಯನ್ನು ತಡೆಯುವುದೇ ಈ ಲೇಖನದ ಉದ್ದೇಶ.

ಎರಡು ವರ್ಷಗಳ ಹಿಂದಿನ ಮಾತು. ಮಾಟುಂಗದ ಕಡೆಯ ಒಂದು ಸಣ್ಣ ಹೋಟೆಲಿನ ಅಡುಗೆ ಭಟ್ಟರು ನಮಗೆ ಬಹುಕಾಲದಿಂದ ಪರಿಚಿತರು. ಕಾರ್ಕಳದ ಕಡೆಯವರು, ಮುಂಬಯಿಗೆ ಬಂದು ಮೂವತ್ತು ವರ್ಷಗಳಾಗುತ್ತ ಬಂದಿವೆ. ದಿನವಿಡೀ ಒಲೆಯ ಮುಂದೆ ನಿಂತೇ ಇರುವ ವೃತ್ತಿಯಾದ್ದರಿಂದ ಮೊಣಕಾಲು ನೋವು ಅವರಿಗೆ ನಿತ್ಯದ ಸಂಗಾತಿ. ಮಲಗುವ ಮೊದಲು ಒಂದು 650ರ ಗುಳಿಗೆ ನುಂಗುವುದು ಅವರ ಪದ್ಧತಿ. ಆ ಹೋಟೆಲಿನ ಉಗ್ರಾಣದಲ್ಲಿ ಬಿಳಿಯ ಹೊಟ್ಟೆಯ ಒಂದು ಬೆಕ್ಕಿತ್ತು. ಭಟ್ಟರು ಅದನ್ನು ‘ಬೊಳ್ಳಿ’ ಎಂದು ಕರೆಯುತ್ತಿದ್ದರು. ಮೊದಲ ದೋಸೆ ದೇವರಿಗೆ, ಎರಡನೆಯದು ಬೊಳ್ಳಿಗೆ ಎಂದು ಸಪ್ಲಾಯರ್ ಹುಡುಗರು ನಗುತ್ತಿದ್ದರು.

ಒಂದು ಸಂಜೆ ಬೊಳ್ಳಿ ಕುಂಟುತ್ತ ಬಂತು. ಮುಂಗಾಲು ಊದಿತ್ತು, ಮುಟ್ಟಿದರೆ ಗುರುಗುಟ್ಟುತ್ತಿತ್ತು, ಮೈ ಬಿಸಿಯಾಗಿತ್ತು. ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿದ ಮೇಲೆ ಭಟ್ಟರು ತಮ್ಮ ಗುಳಿಗೆಯಲ್ಲಿ ಅರ್ಧವನ್ನು ಮುರಿದು, ಚಮಚದಲ್ಲಿ ಅರೆದು, ಹಾಲಿಗೆ ಬೆರೆಸಿಟ್ಟರು. ಬೊಳ್ಳಿ ಮೂಸಿನೋಡಿ ಮುಖ ತಿರುಗಿಸಿತು. ತೆನಾಲಿ ರಾಮಕೃಷ್ಣನ ಬೆಕ್ಕಿನಂತೆ ಅಲ್ಲಿಂದ ಓಡಿಯೇ ಹೋಗಿದ್ದರೆ ಬದುಕುತ್ತಿತ್ತೇನೋ. ಆದರೆ ಭಟ್ಟರ ಮಮತೆ ಬಿಡಲಿಲ್ಲ. ಉಳಿದ ಪುಡಿಯನ್ನು ತುಪ್ಪದಲ್ಲಿ ಕಲಸಿ ಬೆರಳಿನಿಂದ ಬಾಯೊಳಗೆ ಸವರಿದರು.

ಮರುದಿನ ಮುಂಜಾನೆ ಐದಕ್ಕೆ ಹಿಟ್ಟು ನೋಡಲೆಂದು ಕೆಳಗಿಳಿದಾಗ ಬೊಳ್ಳಿ ಮೂಟೆಗಳ ಹಿಂದೆ ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತಿತ್ತು. ಮುಖ ಊದಿಕೊಂಡು ಕಣ್ಣುಗಳು ಸಣ್ಣವಾಗಿದ್ದವು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಗುಲಾಬಿ ಬಣ್ಣದ ಒಸಡುಗಳು ಕಾಫಿಯ ಡಿಕಾಕ್ಷನ್ ಬಳಿದಂತೆ ಕಂದಾಗಿದ್ದವು. ಕಾಯಿಲೆ ಬಲಿಯಿತೆಂದು ತಿಳಿದ ಭಟ್ಟರು ಉಳಿದರ್ಧ ಗುಳಿಗೆಯನ್ನೂ ಕೊಡಲು ಎತ್ತಿಕೊಂಡಿದ್ದರು. ಅಷ್ಟರಲ್ಲಿ ಬೆಳಗಿನ ಕಾಫಿಗೆ ನಾವು ಅಲ್ಲಿಗೆ ಹೋದೆವು. ಬ್ಯಾಂಕಿನಲ್ಲಿ ಗುಮಾಸ್ತರಾಗಿರುವ ಸ್ನೇಹಿತರೊಬ್ಬರು ನಮ್ಮ ಜೊತೆಗಿದ್ದರು. ಬೆಕ್ಕು ಸಾಕಿ ಅನುಭವವುಳ್ಳವರು. ಅವರು ಒಸಡನ್ನು ನೋಡಿದವರೇ, ‘ಭಟ್ರೇ, ಇದಕ್ಕೇನಾದರೂ ಔಷಧ ಕೊಟ್ಟಿರಾ?’ ಎಂದು ಕೇಳಿದರು.

‘ಇಲ್ಲ ಮಾರಾಯ್ರೇ, ಎಂತದೂ ಕೊಡ್ಲಿಲ್ಲ’ ಎಂದರು ಭಟ್ಟರು.

ಪಶುವೈದ್ಯರ ಮುಂದೆಯೂ ಅದೇ ಉತ್ತರ. ಬೈಗುಳಕ್ಕೆ ಹೆದರಿದರೋ, ಹುಡುಗರ ಎದುರು ನಾಚಿಕೊಂಡರೋ, ಅಥವಾ ತಾವು ನಿತ್ಯ ನುಂಗುವ ವಸ್ತುವನ್ನು ‘ಔಷಧ’ವೆಂದೇ ಎಣಿಸಿರಲಿಲ್ಲವೋ, ಹೇಳಲಾರೆವು. ವೈದ್ಯರು ಬೊಳ್ಳಿಯ ಕಾಲಿನಿಂದ ರಕ್ತ ತೆಗೆದು ಬಿಳಿಯ ಕಾಗದದ ಮೇಲೆ ಒಂದು ಹನಿ ಬಿಟ್ಟರು. ಅದು ಕೆಂಪಾಗಿರಲಿಲ್ಲ, ಕಂದುಬಣ್ಣಕ್ಕಿತ್ತು. ‘ನಿಜ ಹೇಳಿ, ಜ್ವರದ ಗುಳಿಗೆ ಕೊಟ್ಟಿರಿ ತಾನೇ?’ ಎಂದು ಅವರು ಕೇಳಿದಾಗ ಭಟ್ಟರು ತಲೆ ತಗ್ಗಿಸಿದರು. ಅಷ್ಟರಲ್ಲಿ ಒಂದು ಗಂಟೆಗೂ ಮಿಕ್ಕಿ ವ್ಯರ್ಥವಾಗಿತ್ತು. ಆಮ್ಲಜನಕ ಕೊಟ್ಟರು, ಪ್ರತಿವಿಷ ಕೊಟ್ಟರು, ರಾತ್ರಿಯೆಲ್ಲ ನೋಡಿಕೊಂಡರು. ಮರುದಿನ ಸಂಜೆ ಬೊಳ್ಳಿ ಸತ್ತಿತು.

ಭಟ್ಟರು ಕೊಟ್ಟ ವಸ್ತು ಯಾವುದು? ಪ್ಯಾರಸಿಟಮಾಲ್. ಕ್ರೋಸಿನ್ ಎಂದರೂ ಅದೇ, ಬೆಂಗಳೂರಿನ ಕಂಪನಿಯೊಂದು ತಯಾರಿಸುವ ಡೋಲೋ ಎಂದರೂ ಅದೇ. ಇದನ್ನು ಮೊದಲು ರಾಸಾಯನಿಕವಾಗಿ ತಯಾರಿಸಿದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ. ಅಮೆರಿಕದಲ್ಲಿ 1955ರಲ್ಲಿ ಇದು ಮಕ್ಕಳಿಗೆ ಕುಡಿಸುವ ಪಾನಕದ ರೂಪದಲ್ಲಿ ಮಾರಾಟಕ್ಕೆ ಬಂತು. ಹೊಟ್ಟೆಯನ್ನು ಕೆಡಿಸದ, ಸೌಮ್ಯವಾದ ಔಷಧವೆಂದು ಅದಕ್ಕೆ ಹೆಸರು. ಹೇಳಿದ ಪ್ರಮಾಣ ಮೀರದಿದ್ದರೆ ಮನುಷ್ಯರ ಮಟ್ಟಿಗೆ ಆ ಹೆಸರು ಸುಳ್ಳೂ ಅಲ್ಲ. ಕೊರೋನಾ ವರ್ಷಗಳಲ್ಲಂತೂ ಅದು ಇಲ್ಲದ ಮನೆಯೇ ಇರಲಿಲ್ಲ. ಹಸುಗೂಸಿಗೇ ಕೊಡುವ ವಸ್ತುವು ಬೆಕ್ಕಿಗೆ ಏನು ಮಾಡೀತು ಎಂಬ ತರ್ಕ ಹುಟ್ಟುವುದು ಇಲ್ಲಿಂದಲೇ. ಈ ತರ್ಕದಲ್ಲಿ ಒಂದೇ ಒಂದು ದೋಷವಿದೆ: ಬೆಕ್ಕು ಸಣ್ಣ ಮನುಷ್ಯನಲ್ಲ.

ಮೊದಲು ಲೆಕ್ಕವನ್ನು ನೋಡೋಣ. ನಮ್ಮ ವಾಚಕರಲ್ಲಿ ಲೆಕ್ಕ ಬರೆಯುವವರು ಬಹಳ ಮಂದಿ. ಅರವತ್ತು ಕಿಲೋ ತೂಕದ ಮನುಷ್ಯನು 650 ಮಿಲಿಗ್ರಾಮಿನ ಗುಳಿಗೆ ನುಂಗಿದರೆ ಕಿಲೋ ಒಂದಕ್ಕೆ 11 ಮಿಲಿಗ್ರಾಮಿನಷ್ಟು ಬಿತ್ತು. ಬೊಳ್ಳಿಯ ತೂಕ ಮೂರೂವರೆ ಕಿಲೋ. ಅರ್ಧ ಗುಳಿಗೆಯೆಂದರೆ 325 ಮಿಲಿಗ್ರಾಮು. ಕಿಲೋ ಒಂದಕ್ಕೆ 93. ಅಂದರೆ ಭಟ್ಟರು ತಾವೇ ಎಂಟೂವರೆ ಗುಳಿಗೆಗಳನ್ನು ಒಮ್ಮೆಗೇ ನುಂಗಿದ ಹಾಗೆ. ‘ಅರ್ಧ’ ಎಂಬ ಮಾತು ಎಷ್ಟು ಮೋಸದ್ದು ನೋಡಿರಿ. ಹಾಗಾದರೆ ತೂಕಕ್ಕೆ ತಕ್ಕಂತೆ ಚೂರು ಮಾಡಿ ಕೊಡಬಹುದಲ್ಲವೇ ಎಂದು ಯಾರಾದರೂ ಕೇಳಿಯಾರು. ಕೂಡದು. ಕಿಲೋಗೆ 10 ಮಿಲಿಗ್ರಾಮಿನಷ್ಟು ಅಲ್ಪ ಪ್ರಮಾಣದಲ್ಲಿಯೂ ಬೆಕ್ಕುಗಳು ವಿಷಕ್ಕೀಡಾದದ್ದುಂಟು. ಪ್ಯಾರಸಿಟಮಾಲಿನ ಮಟ್ಟಿಗೆ ಬೆಕ್ಕಿಗೆ ನಿರಪಾಯಕರವಾದ ಪ್ರಮಾಣವೆಂಬುದೇ ಇಲ್ಲವೆಂದು ಪಶುವೈದ್ಯರು ಹೇಳುತ್ತಾರೆ.

ಏಕೆ ಹೀಗೆ? ಇದಕ್ಕೆ ಉತ್ತರ ಯಕೃತ್ತಿನಲ್ಲಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ತುಂಬಿ ತುಳುಕುವ ಹೋಟೆಲೊಂದನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಲಿ. ಉಂಡವರು ಹೊರಹೋಗಲು ಮೂರು ಬಾಗಿಲುಗಳಿವೆ. ಮುಂದಿನದು ದೊಡ್ಡದು, ಬಹುಪಾಲು ಜನ ಅದರಿಂದಲೇ ಹೋಗುತ್ತಾರೆ. ಪಕ್ಕದ್ದು ಅದಕ್ಕಿಂತ ಸಣ್ಣದು. ಹಿಂದಿನದು ಕಿರಿದು, ಅದರಿಂದ ಹೋಗುವವರು ಪುಂಡರು, ಅವರ ಮೇಲೆ ಕಣ್ಣಿಡಲು ಒಬ್ಬ ಕಾವಲುಗಾರ ಬೇಕು. ಮನುಷ್ಯನ ಯಕೃತ್ತು ಪ್ಯಾರಸಿಟಮಾಲಿನ ಹೆಚ್ಚಿನ ಪಾಲನ್ನು ಗ್ಲುಕುರಾನಿಕ್ ಆಮ್ಲವೆಂಬ, ಸಕ್ಕರೆಯ ಜಾತಿಯ ಒಂದು ವಸ್ತುವಿಗೆ ಜೋಡಿಸಿ ಮೂತ್ರದ ಮೂಲಕ ಹೊರಗೆ ಕಳಿಸುತ್ತದೆ. ಇದು ದೊಡ್ಡ ಬಾಗಿಲು. ಇನ್ನೊಂದಷ್ಟನ್ನು ಗಂಧಕದ ಸಂಯುಕ್ತಕ್ಕೆ ಜೋಡಿಸುತ್ತದೆ. ಇದು ಪಕ್ಕದ ಬಾಗಿಲು. ಅಲ್ಪಸ್ವಲ್ಪ ಭಾಗ ಮಾತ್ರ ಮೂರನೆಯ ದಾರಿಯಲ್ಲಿ ಸಾಗಿ ತೀಕ್ಷ್ಣವಾದ ವಿಷವಾಗಿ ಮಾರ್ಪಡುತ್ತದೆ. ಗ್ಲುಟಾಥಯೋನ್ ಎಂಬ ಕಾವಲುಗಾರ ಅದನ್ನು ತಕ್ಷಣ ಹಿಡಿದು ಅಡಗಿಸುತ್ತದೆ.

ಬೆಕ್ಕಿನ ಹೋಟೆಲಿನಲ್ಲಿ ಆ ಮುಂಬಾಗಿಲೇ ಮುಚ್ಚಿದೆ. ಆ ಜೋಡಣೆಯ ಕೆಲಸ ಮಾಡುವ ಮುಖ್ಯ ಕಿಣ್ವವನ್ನು ತಯಾರಿಸುವ ವಂಶವಾಹಿ ಬೆಕ್ಕಿನಲ್ಲಿ ಕೆಟ್ಟು ನಿಂತಿದೆ. ಪಕ್ಕದ ಬಾಗಿಲು ಕಿಕ್ಕಿರಿದು ಬೇಗನೆ ಕಟ್ಟಿಕೊಳ್ಳುತ್ತದೆ. ಉಳಿದದ್ದೆಲ್ಲವೂ ಹಿಂಬಾಗಿಲಿಗೆ ನುಗ್ಗುತ್ತದೆ. ಒಬ್ಬ ಕಾವಲುಗಾರ ಎಷ್ಟು ಜನರನ್ನು ಹಿಡಿದಾನು? ಗ್ಲುಟಾಥಯೋನ್ ಬರಿದಾಗುತ್ತದೆ, ವಿಷವು ನೇರವಾಗಿ ರಕ್ತಕಣಗಳ ಮೇಲೆ ಬೀಳುತ್ತದೆ.

ಈ ಕೊರತೆ ಕೇವಲ ಮನೆಯ ಬೆಕ್ಕಿನದಲ್ಲ. 2011ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಸಿಂಹ, ಚಿರತೆಗಳನ್ನೊಳಗೊಂಡ ಬೆಕ್ಕಿನ ಕುಲಕ್ಕೆಲ್ಲ ಇದೇ ಅವಸ್ಥೆಯೆಂದು ತೋರಿಸಿತು. ಇದರ ಕಾರಣವೂ ಕುತೂಹಲಕರವಾದುದು. ಗಿಡಮರಗಳು ತಮ್ಮನ್ನು ಮೇಯುವವರಿಂದ ರಕ್ಷಿಸಿಕೊಳ್ಳಲು ಎಲೆ, ಬೀಜಗಳಲ್ಲಿ ಬಗೆಬಗೆಯ ವಿಷಗಳನ್ನು ಇಟ್ಟುಕೊಂಡಿರುತ್ತವೆ. ಸಸ್ಯ ತಿನ್ನುವ ಜೀವಿಗೆ ಆ ವಿಷಗಳನ್ನು ಹೊರದೂಡುವ ಸಾಧನ ಬೇಕೇ ಬೇಕು. ಕೇವಲ ಮಾಂಸದ ಮೇಲೆ ಬದುಕುವ ಕುಲಕ್ಕೆ ಆ ಸಾಧನದ ಅಗತ್ಯ ಬೀಳಲಿಲ್ಲ. ಬಳಸದ ಹತಾರ ತುಕ್ಕು ಹಿಡಿದು ಕೆಡುವಂತೆ ಕೋಟಿ ವರ್ಷಗಳಿಗೂ ಹಿಂದೆಯೇ ಅದು ಕೆಟ್ಟುಹೋಯಿತೆಂದು ಪಂಡಿತರು ಊಹಿಸುತ್ತಾರೆ. ಕಾಡಿನಲ್ಲಿ ಅದರಿಂದ ಯಾವ ನಷ್ಟವೂ ಆಗಲಿಲ್ಲ. ಸಿಂಹಕ್ಕೆ ಯಾರೂ ತಲೆನೋವಿನ ಗುಳಿಗೆ ಕೊಡುವುದಿಲ್ಲ.

ರಕ್ತದ ವಿಷಯ ಇನ್ನೂ ಒಂದು ಮಾತು ಉಳಿಯಿತು. ಉಸಿರಿನ ಆಮ್ಲಜನಕವನ್ನು ಹೊತ್ತು ಮೈಯೆಲ್ಲ ಹಂಚುವುದು ರಕ್ತದ ಹಿಮೋಗ್ಲೋಬಿನ್. ಈ ವಿಷ ತಗಲಿದರೆ ಅದು ಮೆಥ್‌ಹಿಮೋಗ್ಲೋಬಿನ್ ಎಂಬ ಕಂದುಬಣ್ಣದ ವಸ್ತುವಾಗಿ, ಹೊರೆ ಹೊರುವುದನ್ನೇ ನಿಲ್ಲಿಸಿಬಿಡುತ್ತದೆ. ಇಂತಹ ವಿಷವು ಬಂದು ತಾಗುವ ಗಂಧಕಯುಕ್ತ ಸ್ಥಾನಗಳು ಮನುಷ್ಯನ ಹಿಮೋಗ್ಲೋಬಿನ್ನಿನಲ್ಲಿ ಎರಡಾದರೆ ಬೆಕ್ಕಿನದರಲ್ಲಿ ಎಂಟು. ಆದುದರಿಂದಲೇ ಮಿತಿಮೀರಿ ನುಂಗಿದ ಮನುಷ್ಯನಲ್ಲಿ ಮೊದಲು ಯಕೃತ್ತು ಕೆಟ್ಟರೆ, ಬೆಕ್ಕಿನಲ್ಲಿ ಮೊದಲು ರಕ್ತ ಕೆಡುತ್ತದೆ. ಗಾಳಿ ಸುತ್ತಲೂ ಇದೆ, ಎದೆಯೂ ಏರಿಳಿಯುತ್ತಿದೆ, ಆದರೂ ಪ್ರಾಣಿ ಉಸಿರುಗಟ್ಟಿ ಸಾಯುತ್ತದೆ. ಬೊಳ್ಳಿಯ ಒಸಡಿನ ಡಿಕಾಕ್ಷನ್ ಬಣ್ಣದ ಅರ್ಥ ಇದು. ಕೊಟ್ಟ ಕೆಲವೇ ಗಂಟೆಗಳಲ್ಲಿ ಈ ಚಿಹ್ನೆಗಳು ಕಾಣಿಸಿಕೊಳ್ಳತೊಡಗುತ್ತವೆ: ಮಂಕು, ವಾಂತಿ, ಜೊಲ್ಲು, ಏದುಸಿರು, ಮುಖ ಹಾಗೂ ಪಾದಗಳ ಬಾವು, ಕಪ್ಪಾದ ಮೂತ್ರ.

ಪ್ಯಾರಸಿಟಮಾಲನ್ನು ಬಿಟ್ಟು ಬೇರೆ ಗುಳಿಗೆ ಕೊಟ್ಟರಾಯಿತೇ ಎಂದರೆ ಅದೂ ಇಲ್ಲ. ಐಬುಪ್ರೋಫೇನ್ ಬೆಕ್ಕಿನ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಈ ವಿಷಯದಲ್ಲಿ ಬೆಕ್ಕು ನಾಯಿಗಿಂತಲೂ ದುರ್ಬಲ. ನಮ್ಮವರ ಜೇಬುಗಳಲ್ಲಿ ಯಾವಾಗಲೂ ಇರುವ ಕಾಂಬಿಫ್ಲಾಮಿನಲ್ಲಿ ಐಬುಪ್ರೋಫೇನೂ ಪ್ಯಾರಸಿಟಮಾಲೂ ಎರಡೂ ಕೂಡಿವೆ. ಬೆಕ್ಕಿನ ಪಾಲಿಗೆ ಒಂದೇ ಗುಳಿಗೆಯಲ್ಲಿ ಎರಡು ವಿಷ. ನೆಗಡಿಯ ಗುಳಿಗೆಗಳಲ್ಲಿ ಬಹಳಷ್ಟರಲ್ಲಿ ಪ್ಯಾರಸಿಟಮಾಲ್ ಅಡಗಿರುತ್ತದೆ. ಆಸ್ಪಿರಿನ್ನಿನ ಕಥೆ ಸ್ವಲ್ಪ ಬೇರೆ. ನಾವು ನುಂಗಿದ ಸಾಧಾರಣ ಪ್ರಮಾಣದ ಆಸ್ಪಿರಿನ್ನಿನ ಅರ್ಧಭಾಗ ಎರಡು ಮೂರು ಗಂಟೆಗಳಲ್ಲಿ ದೇಹದಿಂದ ಇಳಿದುಹೋದರೆ, ಬೆಕ್ಕಿನಲ್ಲಿ ಅಷ್ಟೇ ಇಳಿಯಲು ಒಂದೂವರೆ ದಿನಕ್ಕೂ ಹೆಚ್ಚು ಬೇಕು. ಹೃದ್ರೋಗವಿರುವ ಬೆಕ್ಕಿಗೆ ವೈದ್ಯರೇ ಅತ್ಯಲ್ಪ ಆಸ್ಪಿರಿನ್ ಕೊಡುವುದುಂಟು. ಆದರೆ ಎರಡು ಮೂರು ದಿನಗಳಿಗೊಮ್ಮೆ. ಅದನ್ನರಿಯದೆ ‘ದಿನಕ್ಕೆ ಎರಡು ಹೊತ್ತು’ ಎಂದು ಡಿಸ್ಪ್ರಿನ್ ಕರಗಿಸಿ ಕುಡಿಸಿದವನು ಹಳೆಯ ಬಾಕಿ ತೀರುವ ಮೊದಲೇ ಹೊಸ ಸಾಲ ಹೇರುತ್ತಾನೆ.

ಡೈಕ್ಲೋಫೆನಾಕ್ ಎಂಬ ನೋವುನಿವಾರಕದ ಹೆಸರು ಬಂದಾಗ ಮುಂಬಯಿವಾಸಿಗಳಿಗೆ ಒಂದು ಸಂಗತಿ ನೆನಪಾಗಲೇಬೇಕು. ಮಲಬಾರ್ ಹಿಲ್ಲಿನ ಡೂಂಗರವಾಡಿಯಲ್ಲಿ ಪಾರ್ಸಿ ಬಂಧುಗಳು ಮೃತದೇಹಗಳನ್ನು ಒಪ್ಪಿಸುತ್ತಿದ್ದುದು ರಣಹದ್ದುಗಳಿಗೆ. 1990ರ ದಶಕದಲ್ಲಿ ಆ ಹದ್ದುಗಳು ನೋಡನೋಡುತ್ತಿದ್ದಂತೆ ದೇಶದಾದ್ಯಂತ ಮಾಯವಾದವು. ನೋವಿಗೆಂದು ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಸತ್ತ ದನದ ಮಾಂಸದ ಮೂಲಕ ಹದ್ದುಗಳನ್ನು ಸೇರಿ ಅವುಗಳ ಮೂತ್ರಪಿಂಡಗಳನ್ನು ಕೆಡಿಸುತ್ತಿದೆಯೆಂಬುದು 2004ರಲ್ಲಿ ಬಯಲಾಯಿತು. 2006ರಲ್ಲಿ ಭಾರತ ಸರಕಾರವು ಪಶುಗಳ ಉಪಯೋಗಕ್ಕಾಗಿ ಅದನ್ನು ತಯಾರಿಸುವುದನ್ನು ನಿಷೇಧಿಸಿತು. ಆ ದನಗಳಿಗೆ ಔಷಧ ಕೊಟ್ಟ ರೈತನೂ ನೋವು ಕಳೆಯಲೆಂದೇ ಕೊಟ್ಟಿದ್ದನು. ಒಂದು ಮೈಗೆ ಹಿತವಾದುದು ಇನ್ನೊಂದು ಮೈಗೆ ಮೃತ್ಯುವಾಗುವುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ನಮಗೆ ತಿಳಿಯದು. ಬೆಕ್ಕಿಗೂ ಡೈಕ್ಲೋಫೆನಾಕ್ ಸಲ್ಲದು.

ನುಂಗಿಸುವುದೊಂದೇ ಅಪಾಯವಲ್ಲ, ಹಚ್ಚಿಕೊಳ್ಳುವುದರಲ್ಲಿಯೂ ಇದೆ. ಕಾಲುನೋವಿಗೆ ಮುಲಾಮು ತಿಕ್ಕಿಕೊಂಡು ಮಲಗುವವರು ಹೋಟೆಲು ನೌಕರರಲ್ಲಿ ಎಷ್ಟಿಲ್ಲ! ಬೆಕ್ಕು ಬಂದು ಅದೇ ಕಾಲಿಗೆ ಮೈ ಉಜ್ಜುತ್ತದೆ, ಅನಂತರ ತನ್ನ ಮೈಯನ್ನು ತಾನೇ ನೆಕ್ಕಿ ಚೊಕ್ಕಟ ಮಾಡಿಕೊಳ್ಳುತ್ತದೆ. 2015ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇಂತಹದೇ ಒಂದು ಎಚ್ಚರಿಕೆಯನ್ನು ಹೊರಡಿಸಿತು. ಫ್ಲರ್ಬಿಪ್ರೋಫೆನ್ ಎಂಬ ನೋವುನಿವಾರಕ ಸೇರಿದ ಲೇಪವನ್ನು ಮನೆಯವರು ತಮ್ಮ ಮೈಗೆ ಹಚ್ಚಿಕೊಳ್ಳುತ್ತಿದ್ದ ಎರಡು ಮನೆಗಳಲ್ಲಿ ಬೆಕ್ಕುಗಳು ಕಾಯಿಲೆ ಬಿದ್ದಿದ್ದವು. ಒಂದು ಮನೆಯವು ಚಿಕಿತ್ಸೆಯಿಂದ ಬದುಕಿದವು, ಇನ್ನೊಂದು ಮನೆಯವು ಸತ್ತವು. ಯಾರೂ ಬೆಕ್ಕಿಗೆ ಲೇಪ ಹಚ್ಚಿರಲಿಲ್ಲವೆಂಬುದನ್ನು ಗಮನಿಸಬೇಕು. ನಮ್ಮ ಬಾಮುಗಳಲ್ಲಿ ಅನೇಕವು ಆಸ್ಪಿರಿನ್ನಿನ ಬಂಧುವಾದ ಮೀಥೈಲ್ ಸ್ಯಾಲಿಸಿಲೇಟನ್ನು ಒಳಗೊಂಡಿವೆ. ಹಚ್ಚಿಕೊಂಡ ಜಾಗಕ್ಕೆ ಬಟ್ಟೆ ಸುತ್ತಿ, ಕೈ ತೊಳೆದು, ಆಮೇಲೆ ಬೆಕ್ಕನ್ನು ಮುಟ್ಟುವುದು ಲೇಸು.

ಇನ್ನು ಭಟ್ಟರ ಇನ್ನೊಂದು ತಪ್ಪು ತಿಳಿವಳಿಕೆಯ ಕುರಿತು. ‘ಮೈ ಸುಡ್ತಾ ಇತ್ತು’ ಎಂದು ಅವರು ಪದೇ ಪದೇ ಹೇಳುತ್ತಿದ್ದರು. ಆರೋಗ್ಯವಂತ ಬೆಕ್ಕಿನ ಮೈಶಾಖವೇ ಫ್ಯಾರನ್‌ಹೀಟಿನ ಲೆಕ್ಕದಲ್ಲಿ ಸುಮಾರು ನೂರೂವರೆಯಿಂದ ನೂರಾ ಎರಡೂವರೆ ಡಿಗ್ರಿ. ಮನುಷ್ಯನ ಅಂಗೈಗೆ ಅದು ಯಾವಾಗಲೂ ಬಿಸಿಯಾಗಿಯೇ ತೋರುತ್ತದೆ. ಇಲ್ಲದ ಜ್ವರಕ್ಕೆ ಗುಳಿಗೆ ನುಂಗಿ ಸತ್ತ ಬೆಕ್ಕುಗಳೂ ಇದ್ದಾವು. ಬೊಳ್ಳಿಗೆ ನಿಜವಾಗಿಯೂ ಜ್ವರವಿತ್ತು. ಆದರೆ ಅದರ ಮೂಲ ಬೇರೆ. ಗಂಡುಬೆಕ್ಕೊಂದರೊಡನೆ ನಡೆದ ಜಗಳದಲ್ಲಿ ಕಾಲಿಗೆ ಹಲ್ಲು ನಾಟಿತ್ತು. ಬೆಕ್ಕಿನ ಹಲ್ಲು ಸೂಜಿಯಂತಹುದು. ಮೇಲಿನ ತೂತು ಒಂದೆರಡು ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ, ಕೀವು ಒಳಗೇ ಕಟ್ಟುತ್ತದೆ. ಕೀವನ್ನು ತೆಗೆದು, ತಕ್ಕ ಔಷಧ ಕೊಟ್ಟರೆ ವಾರದೊಳಗೆ ವಾಸಿಯಾಗುವ ಹುಣ್ಣು. ಬೊಳ್ಳಿಯನ್ನು ಕೊಂದದ್ದು ಕಾಲಿನ ಗಾಯವಲ್ಲ.

ಹೀಗೆಯೇ ಗಂಡುಬೆಕ್ಕು ಮತ್ತೆ ಮತ್ತೆ ಕುಕ್ಕುರುಗಾಲಿನಲ್ಲಿ ಕುಳಿತು ತಿಣುಕಿ, ಮೂತ್ರ ಬಾರದೆ ಅರಚುತ್ತಿದ್ದರೆ ಅದು ಹೊಟ್ಟೆನೋವೆಂದು ಭ್ರಮಿಸಬಾರದು. ಮೂತ್ರನಾಳ ಕಟ್ಟಿರುತ್ತದೆ, ಒಂದೆರಡು ದಿನಗಳಲ್ಲಿ ಪ್ರಾಣ ಹೋಗಬಹುದು. ನೋವುನಿವಾರಕದಿಂದ ನಾಳದ ಕಟ್ಟು ಬಿಡುವುದಿಲ್ಲ.

ಬೆಕ್ಕು ತನ್ನ ನೋವನ್ನು ಬಚ್ಚಿಡುವುದರಲ್ಲಿ ನಿಪುಣ. ಹನ್ನೆರಡು ವರ್ಷ ದಾಟಿದ ನೂರು ಬೆಕ್ಕುಗಳ ಕ್ಷಕಿರಣ ಚಿತ್ರಗಳನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಒಂದು ವರದಿಯಲ್ಲಿ ತೊಂಬತ್ತು ಬೆಕ್ಕುಗಳಿಗೆ ಕೀಲುಗಳ ಸವೆತ ಕಂಡುಬಂದಿತ್ತು. ಸಾಕಿದವರಿಗೆ ಕಾಣುವುದು ಏನು? ಮುದಿಬೆಕ್ಕು ಮೊದಲಿನಂತೆ ಕಪಾಟಿನ ಮೇಲೆ ಹಾರುವುದಿಲ್ಲ, ಅಷ್ಟೇ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಬೆಕ್ಕಿನ ಮುಖ ನೋಡಿ ನೋವನ್ನು ಅಳೆಯುವ ಒಂದು ಕ್ರಮವನ್ನು ಪ್ರಕಟಿಸಿದರು. ಕಿವಿಗಳು ಪಕ್ಕಕ್ಕೆ ಬಾಗಿವೆಯೇ, ಕಣ್ಣು ಕಿರಿದಾಗಿದೆಯೇ, ಮೂತಿ ಬಿಗಿದಿದೆಯೇ, ಮೀಸೆ ನೆಟ್ಟಗಾಗಿದೆಯೇ, ತಲೆ ಭುಜಕ್ಕಿಂತ ಕೆಳಗಿಳಿದಿದೆಯೇ ಎಂಬ ಐದು ವಿಷಯಗಳನ್ನು ನೋಡುವುದು ಆ ಕ್ರಮ. ಗಿರಾಕಿಯ ಮುಖ ನೋಡಿದೊಡನೆ ಅವನ ಹಸಿವನ್ನು ಅಳೆಯುವ ನಮ್ಮ ಸಪ್ಲಾಯರ್ ಹುಡುಗರಿಗೆ ಇದು ಕಠಿಣವಾಗಲಾರದು.

ಹಾಗೆಂದು ಬೆಕ್ಕಿನ ನೋವಿಗೆ ಔಷಧವೇ ಇಲ್ಲವೆಂದು ಯಾರೂ ಭಾವಿಸಬಾರದು. ಮನುಷ್ಯರು ಉಪಯೋಗಿಸುವ ಕೆಲವು ಔಷಧಗಳನ್ನೇ ಪಶುವೈದ್ಯರು ಬೆಕ್ಕಿಗೂ ಕೊಡುತ್ತಾರೆ. ಆದರೆ ಯಾವುದು, ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂಬುದರಲ್ಲಿಯೇ ಎಲ್ಲವೂ ಅಡಗಿದೆ. ಮೆಲಾಕ್ಸಿಕಾಮ್ ಎಂಬುದನ್ನು ನೋಡಿರಿ. ಕೆಲವು ದೇಶಗಳಲ್ಲಿ ಬೆಕ್ಕಿನ ಕೀಲುನೋವಿಗೆ ಅದನ್ನು ಹನಿಯ ರೂಪದಲ್ಲಿ ಕೊಡುವುದುಂಟು. ನಾಲ್ಕು ಕಿಲೋ ಬೆಕ್ಕಿಗೆ ದಿನಕ್ಕೆ 0.2 ಮಿಲಿಗ್ರಾಮು. ನಮ್ಮ ಔಷಧ ಅಂಗಡಿಯಲ್ಲಿ ಸಿಗುವ ಸಣ್ಣ ಗುಳಿಗೆಯಲ್ಲಿರುವುದು 7.5 ಮಿಲಿಗ್ರಾಮು, ಮೂವತ್ತೇಳು ಪಟ್ಟು. ಅಷ್ಟು ಅಲ್ಪವಾದರೂ ಪದೇ ಪದೇ ಕೊಟ್ಟರೆ ಬೆಕ್ಕಿನ ಮೂತ್ರಪಿಂಡಗಳು ಕೆಟ್ಟು ಸಾವು ಸಂಭವಿಸಬಹುದೆಂದು ಅಮೆರಿಕದಲ್ಲಿ 2010ರಿಂದ ಔಷಧದ ಮೇಲೆಯೇ ಎಚ್ಚರಿಕೆ ಮುದ್ರಿಸಬೇಕಾಗಿ ಬಂದಿದೆ. ವೈದ್ಯರೇ ಅಳುಕುತ್ತ ಅಳೆದು ಕೊಡುವ ವಸ್ತುವನ್ನು ನಾವು ಚಮಚದಲ್ಲಿ ಅರೆಯುವುದೇ?

ಆಗಿಹೋದರೆ ಏನು ಮಾಡಬೇಕು? ಬೆಕ್ಕು ಗುಳಿಗೆ ನುಂಗಿದೆಯೆಂದು ತಿಳಿದೊಡನೆ, ಅದು ಚೆನ್ನಾಗಿಯೇ ಆಡಿಕೊಂಡಿದ್ದರೂ ಸರಿ, ವೈದ್ಯರಲ್ಲಿಗೆ ಹೊರಡಬೇಕು. ಮೊದಲ ಒಂದೆರಡು ಗಂಟೆಗಳಲ್ಲಿ ವಾಂತಿ ಮಾಡಿಸಿ ಗುಳಿಗೆಯನ್ನು ಹೊರತೆಗೆಯುವ ಅವಕಾಶ ವೈದ್ಯರಿಗಿರುತ್ತದೆ. ಉಪ್ಪುನೀರು ಕುಡಿಸಿ ನಾವೇ ವಾಂತಿ ಮಾಡಿಸಲು ಹೋಗಬಾರದು. ಉಪ್ಪೇ ಬೆಕ್ಕಿಗೆ ವಿಷವಾಗುತ್ತದೆ, ಏದುಸಿರಿನ ಪ್ರಾಣಿಯ ಶ್ವಾಸಕ್ಕೆ ನೀರು ಹೊಕ್ಕರಂತೂ ಮುಗಿಯಿತು. ಹಾಲು ವಿಷವನ್ನು ಇಳಿಸುತ್ತದೆಂಬ ನಂಬಿಕೆಗೂ ಇಲ್ಲಿ ಆಧಾರವಿಲ್ಲ. ಪ್ಯಾರಸಿಟಮಾಲಿಗೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವುಂಟು; ಬರಿದಾದ ಗ್ಲುಟಾಥಯೋನನ್ನು ಅದು ಮತ್ತೆ ತುಂಬಿಸುತ್ತದೆ. ಮಿತಿಮೀರಿ ನುಂಗಿದ ಮನುಷ್ಯರಿಗೂ ಅದನ್ನೇ ಕೊಡುತ್ತಾರೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಫಲ. ಹೋಗುವಾಗ ಗುಳಿಗೆಯ ಪಟ್ಟಿಯನ್ನು ಜೊತೆಗೆ ಒಯ್ಯಬೇಕು. ಯಾವಾಗ ಕೊಟ್ಟದ್ದು, ಎಷ್ಟು ಕೊಟ್ಟದ್ದು ಎಂಬುದನ್ನು ಕೇಳುವ ಮೊದಲೇ ಹೇಳಿಬಿಡಬೇಕು. ವೈದ್ಯರು ಪೊಲೀಸರಲ್ಲ. ಬೊಳ್ಳಿಯ ಆ ಒಂದು ಗಂಟೆಯನ್ನು ನೆನೆದಾಗ ನಮಗೆ ಈಗಲೂ ಸಂಕಟವಾಗುತ್ತದೆ.

ವೈದ್ಯರಲ್ಲಿಗೆ ಒಯ್ಯುವವರೆಗೆ ನೋವಿನ ಬೆಕ್ಕಿಗೆ ನಾವು ಮಾಡಬಹುದಾದ ಉಪಚಾರ ಅಲ್ಪವಾದರೂ ನಿಜವಾದುದು. ಗದ್ದಲವಿಲ್ಲದ ಮೂಲೆಯಲ್ಲಿ ಹಳೆಯ ಗೋಣಿ ಮಡಚಿ ಹಾಸುವುದು. ನೀರನ್ನೂ ಆಹಾರವನ್ನೂ ಪಕ್ಕದಲ್ಲಿಯೇ ಇಡುವುದು. ಹುಡುಗರು ಎತ್ತಿ ಆಡಿಸದಂತೆ ನೋಡಿಕೊಳ್ಳುವುದು. ನೋವಿನ ಜಾಗವನ್ನು ತಿಕ್ಕದಿರುವುದು.

ಖರ್ಚಿನ ಮಾತು ಬಂದೇ ಬರುತ್ತದೆ. ತಿಂಗಳ ಸಂಬಳದಲ್ಲಿ ಊರಿಗೆ ಕಳಿಸಿ ಉಳಿದದ್ದರಲ್ಲಿ ಬದುಕುವವನಿಗೆ ಖಾಸಗಿ ಚಿಕಿತ್ಸಾಲಯದ ಶುಲ್ಕ ಹೊರೆಯೇ ಸರಿ; ಐದು ರೂಪಾಯಿಯ ಗುಳಿಗೆಗೆ ಕೈ ಹೋಗುವುದಕ್ಕೆ ಅದೂ ಒಂದು ಕಾರಣವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ದೊಡ್ಡ ನಗರಗಳಲ್ಲಿ ದತ್ತಿಯ ಆಸ್ಪತ್ರೆಗಳೂ ಕಾಲೇಜಿನ ಆಸ್ಪತ್ರೆಗಳೂ ಉಂಟು. ಮುಂಬಯಿಯಲ್ಲಿ ಪರೇಲಿನ ಬಾಯಿ ಸಕರಬಾಯಿ ದಿನಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ ಬ್ರಿಟಿಷರ ಕಾಲದಿಂದ ನಡೆದುಬಂದದ್ದು. 1886ರಲ್ಲಿ ಸ್ಥಾಪನೆಯಾದ ಪಶುವೈದ್ಯಕೀಯ ಕಾಲೇಜೂ ಅಲ್ಲಿಯೇ ಇದೆ. ಚೆನ್ನೈಯವರಿಗೆ ವೇಪೇರಿಯ ಪಶುವೈದ್ಯಕೀಯ ಕಾಲೇಜು, ಹೈದರಾಬಾದಿನವರಿಗೆ ರಾಜೇಂದ್ರನಗರದ್ದು, ದಿಲ್ಲಿಯವರಿಗೆ ರಾಜಾ ಗಾರ್ಡನ್ನಿನ ಸಂಜಯ ಗಾಂಧಿ ಪ್ರಾಣಿ ರಕ್ಷಣಾ ಕೇಂದ್ರ. ಹತ್ತಿರದ್ದು ಯಾವುದು, ರಾತ್ರಿ ತೆರೆದಿರುವುದು ಯಾವುದು ಎಂಬುದನ್ನು ಬೆಕ್ಕು ಆರೋಗ್ಯದಿಂದಿರುವಾಗಲೇ ವಿಚಾರಿಸಿ, ದೂರವಾಣಿಯ ಸಂಖ್ಯೆಯನ್ನು ಗಲ್ಲೆಯ ಬಳಿ ಬರೆದಿಟ್ಟುಕೊಳ್ಳುವುದು ಉತ್ತಮ.

ಕಳೆದ ಮಳೆಗಾಲದಲ್ಲಿ ಭಟ್ಟರ ಉಗ್ರಾಣಕ್ಕೆ ಇನ್ನೊಂದು ಮರಿ ಬಂದಿತು. ಬೂದುಬಣ್ಣದ್ದು. ಅವರು ಬಹಳ ದಿನ ಅದಕ್ಕೆ ಹೆಸರಿಡಲಿಲ್ಲ. ಹುಡುಗರು ಹಾಲಿಟ್ಟರೆ ದೂರದಿಂದ ನೋಡುತ್ತಿದ್ದರಂತೆ. ಒಂದು ಮಧ್ಯಾಹ್ನ ನಮ್ಮನ್ನು ಒಳಗೆ ಕರೆದು, ‘ಆ ಗುಳಿಗೆಗಳ ಹೆಸರು ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಡಿ. ಹೊಸ ಹುಡುಗರಿಗೆ ಇಂಗ್ಲಿಷು ಬರುವುದಿಲ್ಲ, ನನಗೂ ಸರಿಯಾಗಿ ಬರುವುದಿಲ್ಲ’ ಎಂದರು. ನಾವು ಬರೆದುಕೊಟ್ಟೆವು: ಪ್ಯಾರಸಿಟಮಾಲ್, ಐಬುಪ್ರೋಫೇನ್, ಆಸ್ಪಿರಿನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನಿಮೆಸುಲೈಡ್. ಭಟ್ಟರು ಅದರ ಕೆಳಗೆ ತಮ್ಮ ಕೈಯಿಂದಲೇ ‘ಪುಚ್ಚೆಗೆ ಕೊಡಬಾರದು’ ಎಂದು ಬರೆದು, ಅನ್ನದ ಅಂಟು ಹಚ್ಚಿ ಉಗ್ರಾಣದ ಬಾಗಿಲಿನ ಒಳಬದಿಗೆ ಅಂಟಿಸಿದರು. ತಮ್ಮ ಮೊಣಕಾಲಿನ ಗುಳಿಗೆಗಳನ್ನು ಈಗ ಮುಚ್ಚಳ ತಿರುಗಿಸುವ ಡಬ್ಬಿಯಲ್ಲಿಡುತ್ತಾರೆ.